ಗಂಜಿ ಒಣಗುವ ಮುನ್ನ

ಬೇಸಿಗೆ ಬಂತೆಂದರೆ ಮಕ್ತಲ್ ಬಸ್ ನಿಲ್ದಾಣದ ಹೊರಗೆ ಅಂಬಲಿಯ ತಳ್ಳುಗಾಡಿಗಳು ಸಾಲುಗಟ್ಟುತ್ತವೆ. ಈಚೆಗೆ ಒಂದು ಬೆಳಿಗ್ಗೆ ನಾರಾಯಣಪೇಟೆಯ ಬಸ್ಸಿಗಾಗಿ ಕಾಯುತ್ತ ಅಲ್ಲಿ ಕುಳಿತಿದ್ದೆ. ಗಾಡಿಯ ಹೆಂಗಸು ಮಡಕೆಯ ಮೇಲಿನ ಒದ್ದೆ ಬಟ್ಟೆ ಸರಿಸಿದಳು. ತುಸು ಹುಳಿಯೇರಿದ ಜೋಳದ ಗಂಜಿಯ ವಾಸನೆ ಎದ್ದಿತು. ಪಕ್ಕದಲ್ಲಿ ಮಿರ್ಚಿ ಕರಿಯುವವನ ಬಾಣಲೆಯಿಂದ ಶೇಂಗಾ ಎಣ್ಣೆಯ ಘಾಟು ಬಂತು. ಬೇರೆ ಬೇರೆಯಾಗಿ ಬಂದರೆ ಇವೆರಡೂ ನನ್ನನ್ನು ಏನೂ ಮಾಡುವುದಿಲ್ಲ. ಕೂಡಿ ಬಂದಾಗ ಮಾತ್ರ ಅದು ನೇಕಾರರ ಓಣಿಯೊಂದರ ನಸುಕಿನ ವಾಸನೆ: ಬೀದಿಯುದ್ದಕ್ಕೂ ಚಾಚಿದ ನೂಲಿಗೆ ಗಂಜಿ ಹಚ್ಚಿ, ಎಣ್ಣೆ ಸವರಿ, ಕುಂಚದಿಂದ ಬಾಚುವ ಹೊತ್ತಿನ ವಾಸನೆ. ಬಸ್ಸು ಬಂದು ನಿಂತು, ಕಂಡಕ್ಟರ್ ಮತ್ತೆ ಮತ್ತೆ ಕೂಗುವವರೆಗೆ ನಾನು ಆ ಓಣಿಯಲ್ಲಿಯೇ ಇದ್ದೆ. ಅಲ್ಲಿ ಕಳೆದದ್ದು ಒಂದೇ ವರ್ಷ. ಆದರೆ ನನ್ನ ನಂಬಿಕೆಗಳ ಲೆಕ್ಕದಲ್ಲಿ ಆ ವರ್ಷದ ಹಿಂದಿನ ನಾನು ಒಬ್ಬಳು, ಮುಂದಿನ ನಾನು ಇನ್ನೊಬ್ಬಳು.

ಆಗ ನನ್ನ ಓದು ಮುಗಿದು ಹೆಚ್ಚು ಕಾಲವಾಗಿರಲಿಲ್ಲ. ರಾಯಚೂರಿನ ಕಾಲೇಜಿನಲ್ಲಿ ಚರ್ಚಾಸ್ಪರ್ಧೆ ಎಂದರೆ ನನ್ನ ಹೆಸರು ತಾನಾಗಿಯೇ ಬರುತ್ತಿತ್ತು. ಪರ ಎಂದರೆ ಪರ, ವಿರೋಧ ಎಂದರೆ ವಿರೋಧ. ಯಾವ ಬದಿಯಲ್ಲಿ ನಿಲ್ಲಿಸಿದರೂ ವಾದ ಕಟ್ಟಬಲ್ಲೆನೆಂಬ ಹೆಮ್ಮೆಯಿತ್ತು. ಆದರೆ ಒಂದು ವಿಷಯದಲ್ಲಿ ನಾನು ಎಂದೂ ವಿರೋಧಪಕ್ಷದಲ್ಲಿ ನಿಂತವಳಲ್ಲ, ನಿಲ್ಲಬಹುದೆಂದು ಯೋಚಿಸಿದವಳೂ ಅಲ್ಲ. ಜನ ತಮ್ಮ ಬೀದಿಯನ್ನು ತಾವೇ ನಡೆಸಿಕೊಳ್ಳಬಲ್ಲರು. ನೀರು, ಚರಂಡಿ, ಓದು ಇವನ್ನು ಯಾರೋ ಮೇಲಿನಿಂದ ಇಳಿಸಲಿ ಎಂದು ಕಾಯುವ ಬದಲು ತಾವೇ ಕೈಗೆತ್ತಿಕೊಂಡ ದಿನ ನಾಲ್ಕಾರು ಮನೆಗಳ ಗುಂಪು ಸಮಾಜವಾಗುತ್ತದೆ ಎಂಬುದೇ ಆ ವಿಷಯ. ಇದೇ ಮಾತನ್ನು ನಂಬಿದ್ದ ಒಂದು ಸಣ್ಣ ಸಂಸ್ಥೆ ನನ್ನನ್ನು ನಾರಾಯಣಪೇಟೆಗೆ ಕಳಿಸಿತು. ದೊಡ್ಡವರಿಗೆ ಅಕ್ಷರ ಕಲಿಸುವುದು, ಓಣಿಯ ಸಮಿತಿ ಕಟ್ಟುವುದು ನನ್ನ ಕೆಲಸ. ಮನೆ ಮಕ್ತಲ್‌ನಲ್ಲಿ, ಬೆಳಿಗ್ಗೆ ಬಸ್ಸಿನಲ್ಲಿ ಹೋಗಿ ಸಂಜೆ ಮರಳುತ್ತಿದ್ದೆ.

ಮುಂಗಾರಿನ ಮಿರಗದ ಮಳೆ ಆಗತಾನೇ ಬಿದ್ದಿತ್ತು. ಪೇಟೆಯ ಹಿಂದಿನ ಇಳಿಜಾರಿನಲ್ಲಿದ್ದ ಆ ಓಣಿಗೆ ಮೊದಲ ದಿನ ಹೋದಾಗ ಒಳಗೆ ಕಾಲಿಡಲು ಜಾಗವಿರಲಿಲ್ಲ. ಒಂದು ತುದಿಯಿಂದ ಇನ್ನೊಂದು ತುದಿಗೆ, ಸೊಂಟದೆತ್ತರಕ್ಕೆ, ಹಾಸು ಚಾಚಿತ್ತು. ಹಾಸು ಎಂದರೆ ಸೀರೆಯ ಉದ್ದಕ್ಕೆ ಬರುವ ಎಳೆಗಳು. ಈಗ ಬಹುಪಾಲು ಮಗ್ಗಗಳಿಗೆ ಗಂಜಿ ಕುಡಿಸಿದ ಹಾಸು ಸಿದ್ಧವಾಗಿಯೇ ಬರುತ್ತದೆ. ಆ ಓಣಿಯವರು ಮಾತ್ರ ತಮ್ಮ ಹತ್ತಿಯ ಚೌಕಳಿ ಸೀರೆಗೆ ತಮ್ಮ ಕೈಯ ಗಂಜಿಯೇ ಆಗಬೇಕೆಂದು ಹಟ ಹಿಡಿದಿದ್ದರು. ಅದು ಒಂದು ಮನೆಯ ಕೈಗೆ ಆಗುವ ಕೆಲಸವಲ್ಲ. ಗಂಜಿ ಬಿದ್ದ ಕ್ಷಣದಿಂದ ಅದು ಆರುವವರೆಗೆ ಎರಡೂ ಬದಿಯಲ್ಲಿ ಕುಂಚ ನಿಲ್ಲದೆ ಓಡಾಡಬೇಕು; ಕುಂಚದ ಹಿಂದೆ ಹೆಂಗಸರು ನಡೆಯುತ್ತ ಹರಿದ ಎಳೆಗಳಿಗೆ ಗಂಟು ಹಾಕಬೇಕು; ಬಿಸಿಲೇರುವ ಮೊದಲು, ಗಾಳಿ ಏಳುವ ಮೊದಲು ಎಲ್ಲ ಮುಗಿಯಬೇಕು. ನಡುವೆ ಕೈ ನಿಂತರೆ ಎಳೆಗೆ ಎಳೆ ಅಂಟಿ ಹಾಸು ಹಲಗೆಯಾಗುತ್ತದೆ. ಆದ್ದರಿಂದ ಯಾರ ಮನೆಯ ಹಾಸಾದರೂ ಇಡೀ ಓಣಿ ಎದ್ದು ಬರುತ್ತಿತ್ತು. ಇಂದು ನಾನು ನಿನಗೆ, ನಾಳೆ ನೀನು ನನಗೆ. ಅದನ್ನು ಅವರು ಮುಯ್ಯಿ ಎನ್ನುತ್ತಿದ್ದರು.

ನನಗೆ ಬೇಕಾದದ್ದು ಕಣ್ಣೆದುರಿಗೇ ಇತ್ತು. ಸಮಿತಿಯನ್ನು ಹೊಸದಾಗಿ ಕಟ್ಟಬೇಕಾಗಿರಲಿಲ್ಲ. ಅದು ದಿನವೂ ನಸುಕಿನಲ್ಲಿ ಸಭೆ ಸೇರುತ್ತಿತ್ತು. ನೂಲಿಗಾಗಿ ಕೂಡುವ ಕೈಗಳು ನೀರಿಗಾಗಿ, ಚರಂಡಿಗಾಗಿ, ಓದಿಗಾಗಿ ಯಾಕೆ ಕೂಡಬಾರದು? ಈ ಪ್ರಶ್ನೆಯನ್ನು ಮೊದಲು ಕೇಳಿದ್ದು ಶರಣಪ್ಪನಿಗೆ. ಐವತ್ತರ ಆಸುಪಾಸಿನ ನೇಕಾರ. ಓಣಿಯಲ್ಲಿ ಅವನ ಮಾತು ನಡೆಯುತ್ತಿತ್ತು, ಯಾಕೆಂದರೆ ಅವನ ಮಾತಿಗೆ ಜನ ನಗುತ್ತಿದ್ದರು.

"ಮೇಡಮ್ಮಾರ, ನೀರು ನೂಲಲ್ರಿ. ನೂಲು ಜಗ್ಗಿದ್ರ ಹರೀತೈತಿ, ನೀರು ಜಗ್ಗಿದ್ರ ಜಡಿ ಜಗ್ಗಿ ಹೊಡದಾಡ್ತಾರ," ಎಂದ. ಮರುದಿನವೇ ತನ್ನ ಮಗ್ಗದ ಕೋಣೆಯ ಮುಂದಿನ ಪಡಸಾಲೆಯನ್ನು ತರಗತಿಗೆಂದು ಗುಡಿಸಿ ಕೊಟ್ಟ.

ಮಧ್ಯಾಹ್ನ ಮಗ್ಗಗಳು ಒಂದಿಷ್ಟು ಸುಮ್ಮನಾಗುವ ಹೊತ್ತಿಗೆ ಪಾಠ. ಕಚೇರಿಗೂ ಬಸ್ಸಿನ ಹಲಗೆಗೂ ಬೇಕೆಂದು ತೆಲುಗು ಅಕ್ಷರ, ಮನೆಯ ಮಾತೆಂದು ಕನ್ನಡ ಅಕ್ಷರ. ಎರಡನ್ನೂ ಜೊತೆಗೇ ಕಲಿತರು. "ಈ 'ಳ' ನೋಡ್ರಿ, ನಮ್ಮ ಮಾವ ಉಂಡು ಕುಂತಂಗ ಐತಿ," ಎಂದು ಶರಣಪ್ಪ ಹೇಳಿದಾಗ ಅವನ ಹೆಂಡತಿ ಬಳಪ ಎಸೆದಿದ್ದಳು. ಅಕ್ಷರದ ಜೊತೆಗೆ ನಾನು ನನಗೆ ಗೊತ್ತಿದ್ದ ಇನ್ನೊಂದು ವಿದ್ಯೆಯನ್ನೂ ಕಲಿಸಿದೆ. ಒಬ್ಬರು ಮಾತನಾಡುವಾಗ ಉಳಿದವರು ಸುಮ್ಮನಿರಬೇಕು. ಕಾರಣ ಹೇಳದೆ 'ಬೇಡ' ಎನ್ನಬಾರದು. ಕೊನೆಗೆ ಕೈ ಎತ್ತಿ ತೀರ್ಮಾನಿಸಬೇಕು, ತೀರ್ಮಾನ ಎಲ್ಲರದೂ ಆಗಬೇಕು. ಅಭ್ಯಾಸಕ್ಕೆಂದು ತಮಾಷೆಯ ವಿಷಯಗಳನ್ನು ಕೊಡುತ್ತಿದ್ದೆ. ಮನೆಯಲ್ಲಿ ಮೊದಲ ತುತ್ತು ಅಳಿಯನಿಗೋ ಅತ್ತೆಗೋ ಎಂಬ ಚರ್ಚೆಯಲ್ಲಿ ಭೀಮವ್ವ ಮೊದಲ ಬಾರಿ ಎದ್ದು ನಿಂತಳು. ಮಕ್ಕಳಿಲ್ಲದ, ಗಂಡ ಮಲ್ಲಣ್ಣನೊಡನೆ ಒಂದೇ ಮಗ್ಗ ನಡೆಸುತ್ತಿದ್ದ, ಶರಣಪ್ಪನಿಗಿಂತ ಹಿರಿಯಳಾದ ಗಟ್ಟಿ ಹೆಂಗಸು.

"ಅಳಿಯಾ ಒಂದಿನ ಬಂದು ಹೋಗಾಂವ. ಅತ್ತಿ ದಿನಾ ಮನ್ಯಾಗ ಇರಾಕಿ. ದಿನಾ ಇರೋರ ಹೊಟ್ಟಿ ಮೊದ್ಲು ತಣ್ಣಗ ಇರ್ಬೇಕು, ಇಲ್ಲಾಂದ್ರ ಬಂದ ಅಳಿಯಾ ಸೈತ ಉಣ್ಣಾಂಗಿಲ್ಲ," ಎಂದಳು. ಓಣಿಯೆಲ್ಲ ಅವಳ ಪರವಾಗಿ ಕೈ ಎತ್ತಿತು.

ಶ್ರಾವಣದ ಹೊತ್ತಿಗೆ ಚರಂಡಿ ತೆಗೆಯುವ ಸರದಿ ನೆಲೆಗೊಂಡಿತು. ದಸರೆಯ ಹೊತ್ತಿಗೆ ನೀರಿನ ಸರದಿ. ಕೊಳಾಯಿಯ ನೀರು ಬಿಡುವ ವಾಲ್ವ್ ಓಣಿಯ ತಲೆಯಲ್ಲಿತ್ತು, ಇನ್ನೊಂದು ಕೆಳಗಿನ ತಿರುವಿನಲ್ಲಿ. ಮೊದಲು ಊರಿನ ನೀರಿನ ಕಚೇರಿಯವನೊಬ್ಬ ಮನಸ್ಸು ಬಂದಾಗ ಬಂದು ತಿರುವಿ ಹೋಗುತ್ತಿದ್ದ. ಮೇಲಿನವರು ತುಂಬಿಕೊಂಡು ಕೆಳಗಿನವರು ಬೈಯುತ್ತಿದ್ದರು. ನಾವು ಒಂದು ದಿನ ಮೇಲಿನಿಂದ, ಮರುದಿನ ಕೆಳಗಿನಿಂದ ಎಂಬ ಪದ್ಧತಿ ಮಾಡಿದೆವು. ದಿನಕ್ಕೊಂದು ಮನೆಯವರು ವಾಲ್ವಿನ ಜವಾಬ್ದಾರಿ ಹೊರುತ್ತಿದ್ದರು. ಜಗಳ ನಿಂತಿತು. ಹೊರಗಿನವರು ಕೈ ಹಾಕಬಾರದು, ಕೀಲಿ ನಮಗೇ ಕೊಡಿ ಎಂದು ಕಚೇರಿಯಲ್ಲಿ ನಾನು ವಾದಿಸಿದೆ. ಕಚೇರಿಯವರು ಸಂತೋಷಪಟ್ಟು ವಾಲ್ವ್ ತಿರುವುವ ಕಬ್ಬಿಣದ ಕೀಲಿಯನ್ನೇ ಓಣಿಗೆ ಒಪ್ಪಿಸಿ, ತಮ್ಮ ಮನುಷ್ಯನನ್ನು ಬೇರೆ ಕಡೆಗೆ ಕಳಿಸಿದರು. ಕೀಲಿ ಕೈಗೆ ಬಂದ ದಿನ ಹೆಂಗಸರು ಅದಕ್ಕೆ ಅರಿಶಿನ ಹಚ್ಚಿದರು. ಆ ಸಂಜೆ ಬಸ್ಸಿನಲ್ಲಿ ಕುಳಿತು ಬೀಳುಹೊಲಗಳನ್ನು, ತೊಗರಿಯ ಹಳದಿ ಹೂವನ್ನು ನೋಡುತ್ತ, ಕಾಲೇಜಿನ ವೇದಿಕೆಯ ಮೇಲೆ ಹೇಳಿದ್ದೆಲ್ಲ ನಿಜವಾಯಿತೆಂದು ನನಗೆ ನಾನೇ ಹೇಳಿಕೊಂಡೆ.

ಸಂಕ್ರಾಂತಿ ಕಳೆದ ಮೇಲೆ ಗುಂಡುಮಾಲ್ ಕಡೆಯಿಂದ ಎರಡು ಸಂಸಾರಗಳು ಬಂದು ಓಣಿಯ ಕೆಳತುದಿಯ ಖಾಲಿ ಜಾಗದಲ್ಲಿ ತಗಡು ಹೊದಿಸಿಕೊಂಡವು. ಬೇಳೆ ಮಿಲ್ಲಿನಲ್ಲಿ ಚೀಲ ಹೊರುವ ಕೆಲಸ. ಅವರಲ್ಲಿ ಎಲ್ಲಮ್ಮ ಎಂಬವಳು ಒಂದು ಮಧ್ಯಾಹ್ನ ತರಗತಿಯ ಹೊಸ್ತಿಲ ಹೊರಗೆ ಬಂದು ಕುಳಿತಳು. ಒಳಗೆ ಬಾ ಎಂದೆ. ಬರಲಿಲ್ಲ. ಹೊರಗಿನಿಂದಲೇ ಹಲಗೆ ನೋಡುತ್ತ ಮಣ್ಣಿನ ಮೇಲೆ ಬೆರಳಾಡಿಸಿದಳು.

ಶಿವರಾತ್ರಿ ಮುಗಿಯಿತು, ನೀರು ಸಣ್ಣಗಾಯಿತು. ಇಡೀ ಓಣಿಗೆ ಸಾಕಾಗುತ್ತಿದ್ದ ಧಾರೆ ಮುಕ್ಕಾಲು ಓಣಿಗೆ ಮುಗಿಯತೊಡಗಿತು. ಕೆಳಗಿನ ತಗಡಿನ ಮನೆಗಳಿಗೆ ನೀರು ಬಿಡಬೇಕೋ ಬೇಡವೋ ಎಂಬ ಮಾತು ಮೊದಲು ಹಾಸಿನ ಬಳಿ ಎದ್ದು, ಆಮೇಲೆ ಪಡಸಾಲೆಗೆ ಬಂತು. ಅವರನ್ನು ಕರೆಯದೆ ಅವರ ವಿಷಯ ಮಾತನಾಡಬಾರದೆಂದೆ. ಒಪ್ಪಿದರು. ಎಲ್ಲಮ್ಮ ಬಂದು ಅಂಗಳದಲ್ಲಿ ನಿಂತಳು.

ಶರಣಪ್ಪ ಮೆತ್ತಗೆಯೇ ಕೇಳಿದ: "ತಂಗೀ, ಈ ಓಣ್ಯಾಗ ಎಲ್ಲಾನೂ ಮುಯ್ಯಿ ಮ್ಯಾಲ ನಡೀತೈತಿ. ನೀವು ನಮಗ ಏನು ಮುಯ್ಯಿ ಮಾಡ್ತೀರಿ?"

"ಮೋರಿ ತೀಸ್ತಾಂ ಅನ್ನಾ," ಎಂದಳು ಎಲ್ಲಮ್ಮ. ಚರಂಡಿ ತೆಗೆಯುತ್ತೇವೆ ಎಂದು.

"ಮೋರಿ ನಾವಾ ತಕ್ಕೊಂತೀವಿ. ಹಾಸು ಹಿಡಿಯಾಕ ಬರ್ತೈತೇನು? ಎಳಿ ಗಂಟು ಹಾಕಾಕ?"

ಅವಳು ತನ್ನ ಕೈಗಳನ್ನು ನೋಡಿಕೊಂಡಳು. ಚೀಲದ ಕೊಕ್ಕೆ ಹಿಡಿದು ಬಿರಿದ ಕೈಗಳು.

"ನೋಡ್ರಿ ಮತ್ತ," ಎಂದು ಶರಣಪ್ಪ ನನ್ನತ್ತ ತಿರುಗಿದ. "ತಗೊಳ್ಳೋರು ಕೊಡಾಕೂ ಬರ್ಬೇಕು. ಇದು ನಮ್ಮ ಕಾರಣಾ."

ಹೇಳದೇ ಉಳಿದ ಇನ್ನೊಂದು ಕಾರಣವಿತ್ತು. ಆ ಎರಡು ಮನೆಗಳವರ ಜಾತಿ ಯಾವುದೆಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು, ಎಲ್ಲಮ್ಮ ಹೊಸ್ತಿಲು ಯಾಕೆ ದಾಟಲಿಲ್ಲವೆಂಬುದೂ ಗೊತ್ತಿತ್ತು. ಹಿಂದಿನ ವರ್ಷವಾಗಿದ್ದರೆ ಯಾರಾದರೊಬ್ಬರು ಅದನ್ನು ಬಾಯಿಬಿಟ್ಟು ಅನ್ನುತ್ತಿದ್ದರು. ಅಂದಿದ್ದರೆ ನಾನು ಎದ್ದು ನಿಂತು ನೇರವಾಗಿ ಎದುರಿಸುತ್ತಿದ್ದೆ. ಈಗ ಅವರು ಕಾರಣ ಕೊಡುವುದನ್ನು ಕಲಿತಿದ್ದರು. ಸಭೆಯಲ್ಲಿ ಹೇಳಬಹುದಾದ, ಸುಂದರವಾದ, ನ್ಯಾಯದಂತೆಯೇ ಕಾಣುವ ಕಾರಣ. ಅದನ್ನು ಒಡೆಯಲು ನಾನು ಬಹಳ ಹೊತ್ತು ಮಾತನಾಡಿದೆ. ಕೈಗಳು ಎದ್ದವು. ನೀರು ಹೆಚ್ಚುವವರೆಗೆ ತಗಡಿನ ಮನೆಗಳತ್ತ ನೀರು ಬಿಡುವ ಕೆಳಗಿನ ವಾಲ್ವ್ ತೆರೆಯಬಾರದೆಂದು ತೀರ್ಮಾನವಾಯಿತು. ಎತ್ತದ ಕೈ ಭೀಮವ್ವನದೊಂದೇ.

ಕೆಲವು ದಿನಗಳಲ್ಲಿ ವಾಲ್ವಿನ ಸರದಿ ಅವಳ ಮನೆಗೆ ಬಂತು. ಅವಳು ಮೇಲಿನದನ್ನು ತೆರೆದಳು. ಹೊತ್ತಾದ ಮೇಲೆ ಕೀಲಿಯನ್ನು ಹೆಗಲಿಗೇರಿಸಿಕೊಂಡು ಹಾಡುಹಗಲೇ, ಎಲ್ಲರ ಕಣ್ಣೆದುರಿಗೇ, ಕೆಳಗೆ ನಡೆದು ಅದನ್ನೂ ತಿರುವಿದಳು. ಎಲ್ಲಮ್ಮನ ಮನೆಯ ಕೊಡಗಳು ತುಂಬಿದವು. ಶರಣಪ್ಪನದೂ ಸೇರಿ ಕೆಲವು ಮನೆಗಳ ಹಂಡೆಗಳು ಅರ್ಧಕ್ಕೆ ನಿಂತವು.

ಮಧ್ಯಾಹ್ನ ಪಡಸಾಲೆ ಕಿಕ್ಕಿರಿದಿತ್ತು.

"ಭೀಮಕ್ಕಾ, ಕೀಲಿ ತಿರುವಿದ್ದು ನೀನ ಏನು?" ಎಂದು ಶರಣಪ್ಪ ಕೇಳಿದ.

"ನಾನ. ಮತ್ಯಾರು ತಿರುವಬೇಕು? ನಿನ್ನ ಹೇಣ್ತಿಗೆ ಕೀಲಿ ಎತ್ತಾಕ ಬರ್ತೈತೇನು?" ಎಂದಳು ಭೀಮವ್ವ. ಜನ ನಕ್ಕರು. ಶರಣಪ್ಪನೂ ನಕ್ಕ, ಆಮೇಲೆ ನಗು ಮುಗಿಯಿತು.

"ಓಣಿ ಫೈಸಲಾ ಆಗಿತ್ತಲ್ಲ?"

"ಆಗಿತ್ತು. ನಾನು ಕೈ ಎತ್ತಿರಲಿಲ್ಲ."

"ಕೈ ಎತ್ತದವ್ರಿಗೂ ಫೈಸಲಾ ಫೈಸಲಾನ. ಅಲ್ಲೇನ್ರೀ ಮೇಡಮ್ಮಾರ?"

ನಾನು ಎದ್ದೆ. ಪಾಲು ಹಂಚುವ ಅಧಿಕಾರ ಬಹುಮತಕ್ಕಿದೆ, ಬಾಯಾರಿಕೆಯನ್ನು ಹಂಚುವ ಅಧಿಕಾರ ಇಲ್ಲ ಎಂದೆ. ನೀರು ಕೂಲಿಯಲ್ಲ, ಮುಯ್ಯಿಯ ಲೆಕ್ಕಕ್ಕೆ ಅದು ಬರುವುದಿಲ್ಲ ಎಂದೆ. ಹಾಸು ಹಿಡಿಯಲು ಬಾರದ ಮುದುಕರು, ಮಕ್ಕಳು ನಿಮ್ಮ ಮನೆಯಲ್ಲಿಯೂ ಇದ್ದಾರೆ, ಅವರ ನೀರನ್ನೂ ನಿಲ್ಲಿಸುತ್ತೀರಾ ಎಂದು ಕೇಳಿದೆ. ನನ್ನ ಜೀವನದಲ್ಲಿ ಅದಕ್ಕಿಂತ ಚೆನ್ನಾಗಿ ನಾನು ಎಂದೂ ಮಾತನಾಡಿಲ್ಲ. ನಡುವೆ ಯಾರೂ ಬಾಯಿ ಹಾಕಲಿಲ್ಲ. ಒಬ್ಬರು ಮಾತನಾಡುವಾಗ ಉಳಿದವರು ಸುಮ್ಮನಿರಬೇಕಲ್ಲ.

ನಾನು ಕುಳಿತ ಮೇಲೆ ಶರಣಪ್ಪ ಎದ್ದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ.

"ಮೇಡಮ್ಮಾರ, ಚಲೋ ಮಾತಾಡಿದ್ರಿ. ನಮಗ್ಯಾರಿಗೂ ಹಂಗ ಮಾತಾಡಾಕ ಬರಾಂಗಿಲ್ಲ. ಆದ್ರ ಸಂಜೀ ಬಸ್ಸಿಗೆ ನೀವು ಮಕ್ತಲ್‌ಗೆ ಹೋಗ್ತೀರಿ. ನಿಮ್ಮ ಮನ್ಯಾಗ ಬೋರ್ ಐತಿ. ಅರ್ಧ ಹಂಡೆದಾಗ ಇರೋರು ನಾವು. ಓಣಿ ಓಣಿಯವ್ರದು ಅಂತ ನಮಗ ಹೇಳಿದವ್ರು ನೀವು. ನಾವು ಅದನ್ನ ಖರೇ ಅಂತ ನಂಬೀವಿ. ಈಗ ನೀವಾ ಬಂದು ನಂಬಬ್ಯಾಡ್ರಿ ಅಂದ್ರ, ನಾವು ಯಾವ ಮೇಡಮ್ಮನ ಮಾತು ಕೇಳಬೇಕ್ರಿ?"

ಕೈಗಳು ಎದ್ದವು. ಭೀಮವ್ವ ತಪ್ಪಾಯಿತೆನ್ನುವವರೆಗೆ ಅವಳ ಮನೆಯ ಹಾಸು ಯಾರೂ ಹಿಡಿಯಬಾರದು. ಆ ಓಣಿಗೆ ಗೊತ್ತಿದ್ದ ಶಿಕ್ಷೆ ಅದೊಂದೇ; ಹಿಂದೆ ಯಾರಿಗೂ ಅದನ್ನು ವಿಧಿಸಿದ ನೆನಪು ಅಲ್ಲಿನ ಹಿರಿಯರಿಗೂ ಇರಲಿಲ್ಲ. ಬೈದು, ಕೂಗಾಡಿ, ಎರಡು ದಿನ ಮಾತುಬಿಟ್ಟು, ಮೂರನೆಯ ದಿನ ಮತ್ತೆ ಕುಂಚ ಹಿಡಿಯುವುದು ಅವರ ಹಳೆಯ ರೂಢಿ. ಸಭೆ ಸೇರಿ, ಕಾರಣ ಕೊಟ್ಟು, ತೀರ್ಮಾನ ಮಾಡಿದ ಮೇಲೆ ಮೂರನೆಯ ದಿನ ಮರೆಯುವ ದಾರಿಯೇ ಉಳಿಯಲಿಲ್ಲ.

ನಾನು ನೀರಿನ ಕಚೇರಿಗೆ ಹೋದೆ. ಅಲ್ಲಿದ್ದವರು ಕುರ್ಚಿ ಕೊಟ್ಟು, ಚಹಾ ತರಿಸಿ ಗೌರವಿಸಿದರು. "ನಿಮ್ಮ ಓಣಿ ನಮಗ ಮಾದರಿ ಅಮ್ಮಾ. ಬೇರೆ ಓಣಿಯವ್ರಿಗೆ ನಿಮ್ಮ ಹೆಸರು ಹೇಳ್ತೀವಿ. ಕೀಲಿ ನೀವಾ ಕೇಳಿ ತಗೊಂಡೀರಿ, ಈಗ ನಿಮ್ಮ ಒಳಗಿನ ಮಾತಿಗೆ ನಾವು ಬಂದ್ರ ದಖಲ್ ಮಾಡಿದಂಗ ಆಕ್ಕೈತಿ," ಎಂದರು. ತಪ್ಪೇನೂ ಹೇಳಲಿಲ್ಲ ಅವರು. ಹೊರಗಿನವರು ಕೈ ಹಾಕಬಾರದೆಂದು ಹಿಂದೆ ಅವರೊಡನೆ ವಾದಿಸಿದವಳು ನಾನೇ.

ಮಲ್ಲಣ್ಣನ ಮಗ್ಗದ ಮೇಲಿನ ಸೀರೆ ಮುಗಿಯುತ್ತ ಬಂದಿತ್ತು. ಹೊಸ ಹಾಸು ಏರದಿದ್ದರೆ ಮಗ್ಗ ನಿಲ್ಲುತ್ತದೆ. ಮಗ್ಗ ನಿಂತರೆ ಆ ಓಣಿಯಲ್ಲಿ ಅವರಿಗೆ ಬದುಕಿಲ್ಲ. ಒಂದು ಸಂಜೆ ನಾನು ಭೀಮವ್ವನ ಮನೆಯಲ್ಲಿದ್ದಾಗ ಶರಣಪ್ಪನೇ ಬಂದ. ಒಳಗೆ ಬರದೆ ಕಟ್ಟೆಯ ಮೇಲೆ ಕುಳಿತ.

"ಅಕ್ಕಾ, ಎಲ್ಲರ ಮುಂದ ಬ್ಯಾಡ. ನನ್ನ ಮುಂದ ಅಂದುಬಿಡು, ತಪ್ಪಾತು ಅಂತ. ನಾಳಿ ನಸುಕಿನ್ಯಾಗ ಮೊದ್ಲ ಕುಂಚ ನಂದು."

ಭೀಮವ್ವ ಗಂಜಿಯ ಜೋಳ ಕೇರುತ್ತಿದ್ದಳು. ಮೊರ ನಿಲ್ಲಿಸಲಿಲ್ಲ.

"ಶರಣ್ಯಾ, ನಿನ್ನ ಎತ್ತಿ ಆಡಿಸೀನಿ ನಾನು. ಹೊಯ್ದಾಡಬ್ಯಾಡ. ಕುಡಿಯಾಕ ನೀರು ಬಿಟ್ಟಿದ್ದಕ್ಕ ತಪ್ಪಾತು ಅಂದ ಬಾಯಿಲೆ ನಾಳಿ ಶಿವಾ ಅಂತ ಹ್ಯಾಂಗ ಅನ್ಲಿ?"

"ಒಂದು ಮಾತಲಾ ಅಕ್ಕಾ."

"ಒಂದು ಮಾತ ಅಲ್ಲಾ? ಹಂಗಾರ ನೀ ಅಂದುಬಿಡು."

ಎದ್ದು ಹೋಗುವಾಗ ಅವನ ಕಣ್ಣು ತುಂಬಿದ್ದನ್ನು ನಾನು ನೋಡಿದೆ. ನಾನು ಆ ದಿನ ಮಕ್ತಲ್‌ಗೆ ಮರಳಲಿಲ್ಲ.

ನಸುಕಿನಲ್ಲಿ ಭೀಮವ್ವ, ಮಲ್ಲಣ್ಣ ಹಾಸು ಹೊರತಂದರು. ಗೂಟಗಳಿಗೆ ಬಿಗಿದು, ಎಳೆಗಳ ನಡುವೆ ಕಡ್ಡಿ ತೂರಿಸಿ, ಅದನ್ನು ಚಾಚುವಷ್ಟರಲ್ಲಿಯೇ ಹೊತ್ತಾಯಿತು. ಬೇರೆ ದಿನಗಳಲ್ಲಿ ಅದು ಹಲವರ ಕೈಯ ಚಿಟಿಕೆಯ ಕೆಲಸ. ಓಣಿಯ ಬಾಗಿಲುಗಳು ಒಂದೊಂದಾಗಿ ತೆರೆದವು. ಯಾರೂ ಇಳಿಯಲಿಲ್ಲ. ಕೆಳಗಿನಿಂದ ಎಲ್ಲಮ್ಮ, ಅವಳ ಗಂಡ, ಪಕ್ಕದ ತಗಡಿನವರು ಬಂದರು. "ಮೇಮು ಪಟ್ಟುಕುಂಟಾಂ ಅಕ್ಕಾ," ನಾವು ಹಿಡಿಯುತ್ತೇವೆ ಎಂದಳು ಎಲ್ಲಮ್ಮ. ಭೀಮವ್ವ ಅವಳನ್ನೊಮ್ಮೆ ನೋಡಿ ಗಂಜಿಯ ಬೋಗುಣಿ ಅವಳ ಕೈಗಿಟ್ಟಳು.

ಇಲ್ಲಿ ಆ ಕೈಗಳೆಲ್ಲ ಕೂಡಿ ಹಾಸನ್ನು ಉಳಿಸಿದವೆಂದು ಬರೆಯಬೇಕೆಂಬ ಆಸೆ ನನಗೆ ಇಂದಿಗೂ ಇದೆ. ಹಾಗಾಗಲಿಲ್ಲ. ಒಂದು ಬದಿಗೆ ಮಲ್ಲಣ್ಣ, ಇನ್ನೊಂದು ಬದಿಗೆ ಭೀಮವ್ವ ಕುಂಚ ಹಿಡಿದು ಓಡಿದರು. ಹರಿದ ಎಳೆಗಳಿಗೆ ಗಂಟು ಹಾಕುವವರಿರಲಿಲ್ಲ. ನಾನು ಹಾಕಿದ ಗಂಟು ಕುಂಚಕ್ಕೆ ಸಿಕ್ಕಿ ಪಕ್ಕದ ಎಳೆಗಳನ್ನೂ ಹರಿಯಿತು. ಎಲ್ಲಮ್ಮನ ಬಿರಿದ ಬೆರಳುಗಳಿಗೆ ನೂಲು ಸಿಕ್ಕಿಕೊಳ್ಳುತ್ತಿತ್ತು. ಅವಳು ಹೆದರಿ ಕೈ ಹಿಂದೆಳೆದರೆ ಇನ್ನಷ್ಟು ಹರಿಯುತ್ತಿತ್ತು. ಎಳೆ ಜೋಡಿಸುವುದರಲ್ಲಿ ಓಣಿಗೇ ಹಿರಿಯಳಾದ ನೀಲಮ್ಮ ತನ್ನ ಮನೆಯ ಮೆಟ್ಟಿಲಿಳಿದು ಒಂದು ಹೆಜ್ಜೆ ಮುಂದಿಟ್ಟಳು. ಒಳಗಿನಿಂದ ಅವಳ ಮಗ "ಅವ್ವಾ" ಎಂದ. ಅಷ್ಟೇ. ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಶರಣಪ್ಪ ತನ್ನ ಬಾಗಿಲಲ್ಲಿ ನಿಂತಿದ್ದ. ಅವನ ಬಲಗೈ, ಅವನಿಗೆ ಗೊತ್ತಿಲ್ಲದೆಯೇ ಇರಬೇಕು, ತೊಡೆಯ ಬಳಿ ಮುಂದಕ್ಕೂ ಹಿಂದಕ್ಕೂ ಕುಂಚದ ಓಟ ಓಡುತ್ತಿತ್ತು.

ಬಿಸಿಲು ಮನೆಗಳ ಮಾಳಿಗೆ ದಾಟಿ ಓಣಿಗಿಳಿಯಿತು. ಬೇಳೆ ಮಿಲ್ಲಿನ ಕಡೆಯಿಂದ ಗಾಳಿ ಎದ್ದು ಒದ್ದೆ ನೂಲಿನ ಮೇಲೆ ತೊಗರಿಯ ಹೊಟ್ಟು ಸುರಿಯಿತು. "ನಿಲ್ಲಬ್ಯಾಡ, ತಿಕ್ಕು, ತಿಕ್ಕು," ಎಂದು ಭೀಮವ್ವ ಕೂಗುತ್ತಿದ್ದಳು. ಮಲ್ಲಣ್ಣ ನಿಂತ. ಕುಂಚವನ್ನು ನೆಲಕ್ಕಿಟ್ಟು ಅದರ ಪಕ್ಕದಲ್ಲಿ ತಾನೂ ಕುಳಿತ. ಆಮೇಲೆ ಅವಳೊಬ್ಬಳೇ ಇನ್ನೂ ಎರಡು ಸಲ ಆ ತುದಿಯಿಂದ ಈ ತುದಿಗೆ ನಡೆದಳು. ಬೆರಳಿನಿಂದ ಹಾಸನ್ನು ತಟ್ಟಿದಾಗ ಅದು ಒಣ ಚರ್ಮದಂತೆ ಸದ್ದು ಮಾಡಿತು. ಅವಳು ಒಳಗಿನಿಂದ ಕುಡುಗೋಲು ತಂದು ಹಾಸನ್ನು ಗೂಟದಿಂದ ಕೊಯ್ದುಹಾಕಿದಳು. ಅಳಲಿಲ್ಲ. ಎಲ್ಲಮ್ಮನಿಗೆ, "ಹೋಗ್ರವ್ವಾ, ಮಿಲ್ಲಿಗೆ ಹೊತ್ತಾತು," ಎಂದಳು.

ಅಂದು ಮಧ್ಯಾಹ್ನ ತರಗತಿಗೆ ಭೀಮವ್ವನ ಹೊರತು ಎಲ್ಲರೂ ಬಂದರು. ಎಂದಿಗಿಂತ ಬೇಗ ಬಂದು, ಎಂದಿಗಿಂತ ಒತ್ತಾಗಿ ಕುಳಿತರು. ಯಾರೂ ಯಾರ ಮುಖವನ್ನೂ ನೋಡಲಿಲ್ಲ. "ಇವತ್ತು ಏನು ಕಲಿಸ್ತೀರ್ರಿ?" ಎಂದು ಶರಣಪ್ಪ ಕೇಳಿದ. ಅವನ ಕಣ್ಣುಗಳು ಕೆಂಪಗಿದ್ದವು. ಬಿಟ್ಟು ಹೋಗುವುದು ಸರಿಯೋ, ಇದ್ದು ಕಲಿಸುವುದು ಸರಿಯೋ ಎಂದು ಆ ಕ್ಷಣ ನನ್ನೊಳಗೆ ನಡೆದ ವಾದದಲ್ಲಿ ಎರಡೂ ಪಕ್ಷಗಳು ಸೋತವು. ನಾನು ಕಲಿಸಿದೆ. ಅವರು ಬರೆದುಕೊಂಡರು.

ಗುಂಡುಮಾಲ್‌ನವರು ಹೆಚ್ಚು ದಿನ ಉಳಿಯಲಿಲ್ಲ; ಯಾವುದೋ ಕಟ್ಟಡದ ಕೆಲಸದ ಮೇಸ್ತ್ರಿಯ ಹಿಂದೆ ಹೋದರೆಂದು ಕೇಳಿದೆ. ಯುಗಾದಿ ಕಳೆದ ಮೇಲೆ ಮಲ್ಲಣ್ಣ ಮಗ್ಗ ಬಿಚ್ಚಿ ಭೀಮವ್ವನೊಡನೆ ಊರು ಬಿಟ್ಟ. ಓಣಿ ಮಾತ್ರ ಮೊದಲಿಗಿಂತ ಚೆನ್ನಾಗಿ ನಡೆಯಿತು. ಸರದಿ ತಪ್ಪಿಸುವ ಧೈರ್ಯ ಯಾರಿಗೂ ಉಳಿದಿರಲಿಲ್ಲವಾದ್ದರಿಂದ ಚರಂಡಿ ಕನ್ನಡಿಯಂತಿತ್ತು, ನೀರು ಹೇಳಿದ ಹೊತ್ತಿಗೆ ಬರುತ್ತಿತ್ತು. ಮಕ್ತಲ್‌ನಿಂದ, ಐಜದಿಂದ ಜನ ನೋಡಲು ಬಂದರು. ಶರಣಪ್ಪ ಅವರೆದುರು ಕೈಯಲ್ಲಿ ಚೀಟಿಯಿಲ್ಲದೆ ಮಾತನಾಡಿದ. ಒಗ್ಗಟ್ಟಿನ ಬಗ್ಗೆ, ಓದಿನ ಬಗ್ಗೆ, ಯಾರನ್ನೂ 'ನೀರು ಬಿಡ್ರಿ' ಎಂದು ಅಂಗಲಾಚದೆ ಬದುಕುವುದರ ಬಗ್ಗೆ. ಚಪ್ಪಾಳೆ ಬಿದ್ದವು. ಅವನ ಮಾತಿನಲ್ಲಿ ಒಂದೂ ಸುಳ್ಳಿರಲಿಲ್ಲ. ಅದೇ ನನ್ನನ್ನು ಈಗಲೂ ಕೊಲ್ಲುವುದು. ಅವರು ಕೆಟ್ಟವರೆಂದು ಹೇಳಲು ಸಾಧ್ಯವಾಗಿದ್ದರೆ ನನ್ನ ನಂಬಿಕೆ ಉಳಿಯುತ್ತಿತ್ತು. ಒಳ್ಳೆಯವರು, ಕಲಿತವರು, ಒಂದಾದವರು ಅವರು. ಒಂದಾದದ್ದರ ಬೆಲೆಯನ್ನು ಕೆಳತುದಿಯಲ್ಲಿ ನಿಂತವರಿಂದ ವಸೂಲು ಮಾಡಿಕೊಂಡರು.

ಮುಂದಿನ ಮಳೆಗಾಲಕ್ಕೆ ಸಂಸ್ಥೆ ನನ್ನನ್ನು ಗದ್ವಾಲ್‌ಗೆ ಕಳಿಸಿತು. ಅಲ್ಲಿಯೂ ಒಂದು ನೇಕಾರರ ಓಣಿ, ಅಲ್ಲಿಯೂ ಸಮಿತಿ, ತರಗತಿ. ಮೊದಲ ದಿನವೇ ಕೋಟೆಯ ಹಿಂದಿನ ಆ ಓಣಿಯ ಕೊನೆಯ ಮನೆಯಲ್ಲಿ ಭೀಮವ್ವ ಸಿಕ್ಕಳು. ದೊಡ್ಡ ನೇಕಾರನೊಬ್ಬ ಗಂಜಿ ಹಾಕಿದ ಹಾಸನ್ನೇ ತಂದು ಕೊಡುತ್ತಿದ್ದ. ಮಲ್ಲಣ್ಣ ಬೇರೆಯವರ ಮಗ್ಗದ ಮೇಲೆ ಬಗ್ಗಿದ್ದ. ಚಹಾ ಮಾಡಿ ಕೊಟ್ಟಳು. ಮುಖ ಇಳಿದಿತ್ತು, ಆದರೆ ದನಿ ಹಾಗೆಯೇ ಇತ್ತು. ಇಲ್ಲಿ ಹೇಗಿದೆ ಎಂದೆ.

"ಇಲ್ಲಿ ಯಾರಿಗೂ ಯಾರೂ ಬೇಕಾಗಿಲ್ರಿ. ಮೋರಿ ನಾರ್ತೈತಿ, ನೀರಿಗೆ ಹೊಡದಾಡ್ತಾರ. ಬೈತಾರ, ಬೈಸ್ಕೋತೀವಿ. ಸಂಜಿಗೆ ಮರೀತಾರ."

ನಾನು ಬಂದ ಕಾರಣ ಹೇಳಿದೆ. ಈ ಬಾರಿ ನಿಯಮಗಳನ್ನು ಬೇರೆ ರೀತಿ ಮಾಡುವೆ, ಹೊಸಬರಿಗೂ ಬಡವರಿಗೂ ಮೊದಲೇ ಜಾಗ ಇರುವಂತೆ ಕಟ್ಟುವೆ ಎಂದು ವಿವರಿಸಿದೆ. ಅವಳು ಪೂರ್ತಿ ಕೇಳಿದಳು.

"ಅಕ್ಷರ ಕಲಿಸ್ರಿ ಮೇಡಮ್ಮಾರ. ನಾನೂ ಬರ್ತೀನಿ, ಅರ್ಧಕ್ಕ ಬಿಟ್ಟೀನಿ. ಆದ್ರ ಈ ಓಣಿನ್ನ ಒಂದು ಮಾಡಬ್ಯಾಡ್ರಿ. ನಿಮ್ಮ ಕಾಲಿಗೆ ಬೀಳ್ತೀನಿ. ಇಲ್ಲಿ ನಾವು ಹೊಸಬರದೀವಿ."

ಒಳಗೆ ಮಗ್ಗದ ಸದ್ದು ನಿಂತಿತು. ಮಲ್ಲಣ್ಣ ನನ್ನ ಉತ್ತರಕ್ಕಾಗಿ ಕಾಯುತ್ತಿದ್ದನೆಂದು ತೋರುತ್ತದೆ. ನಾನು ಬಟ್ಟಲು ಕೆಳಗಿಟ್ಟು ಹೊರಗೆ ಬಂದೆ. ಸಮಿತಿಯ ಮಾತೆತ್ತಲು ನಾನು ಮೊದಲು ಹೋಗಬೇಕಾಗಿದ್ದ ಮನೆ ಅವಳ ಮನೆಯ ಎದುರಿನದೇ. ಬಾಗಿಲು ಅರ್ಧ ತೆರೆದಿತ್ತು, ಒಳಗೆ ಯಾರೋ ಗಟ್ಟಿಯಾಗಿ ನಗುತ್ತಿದ್ದರು. ನಾನು ಅದನ್ನು ತಟ್ಟಲಿಲ್ಲ.